‘ನೋಡೋಣ್ರಿ’ ಅಂದ ಮೇಲೆ ಏನು ಮಾಡಬೇಕು? ಕೆಲಸದಲ್ಲಿ ಯಾವುದೂ ಖಾತ್ರಿ ಇಲ್ಲದಾಗ ದಾರಿ ಹುಡುಕುವುದು

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕಾಸ್ಟಿಂಗ್, ಪಂಪು, ಹೈಡ್ರಾಲಿಕ್ ಸಾಮಾನು ಎಲ್ಲಾ ತಯಾರಾಗುತ್ತದೆ. ಆದರೆ ಮೂರೂ ಶಿಫ್ಟಿನಲ್ಲಿ, ಕರೆಂಟ್ ಹೋದರೂ ನಿಲ್ಲದೆ ತಯಾರಾಗುವ ಮಾಲು ಒಂದೇ: ‘ನೋಡೋಣ್ರಿ’. ಮುಂದಿನ ತಿಂಗಳು ಆರ್ಡರ್ ಬರುತ್ತಾ? ನೋಡೋಣ್ರಿ. ಎರಡನೇ ಶಿಫ್ಟ್ ಇರುತ್ತಾ? ನೋಡೋಣ್ರಿ. ಇನ್‌ಕ್ರಿಮೆಂಟ್ ಕೇಳಿದರೆ ಅದೂ ಇಲ್ಲ. ಬರೀ ತಲೆ ಅಲ್ಲಾಡಿಸುವುದು, ಅದೂ ಹೌದೋ ಅಲ್ಲವೋ ತಿಳಿಯದ ಹಾಗೆ.

ನಾನು ಇಲ್ಲಿನ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಪ್ಲಾನಿಂಗ್ ನೋಡಿಕೊಳ್ಳುವವನು. ಫೌಂಡ್ರಿಗೆ ಅಂಟಿಕೊಂಡೇ ಮಷಿನ್ ಶಾಪ್ ಇದೆ. ಯಾವ ದಿನ ಯಾವ ಮಾಲು ಎರಕ ಹೊಯ್ಯಬೇಕು, ಯಾವ ಮಷಿನ್ ಮೇಲೆ ಏನು ಹತ್ತಬೇಕು ಅಂತ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಹರಿದು ಹಾಕುವುದೂ ನನ್ನದೇ ಕೆಲಸ. ಮೊದಲ ನಾಲ್ಕೈದು ವರ್ಷ ಇದರಿಂದ ನನಗೆ ಹೊಟ್ಟೆ ಉರಿ, ನಿದ್ದೆ ಇಲ್ಲ, ಮನೆಗೆ ಬಂದು ಮಕ್ಕಳ ಮೇಲೆ ರೇಗಾಟ. ಆಮೇಲೆ ಕೆಲವು ಪದ್ಧತಿ ಮಾಡಿಕೊಂಡೆ. ಅವು ಬ್ಯಾಂಕಿನಲ್ಲಿ, ಸಾಫ್ಟ್‌ವೇರ್‌ನಲ್ಲಿ, ಕಾಲೇಜಿನಲ್ಲಿ ಕೆಲಸ ಮಾಡುವವರಿಗೂ ಆಗುತ್ತವೆ. ಉದಾಹರಣೆ ಮಾತ್ರ ಫೌಂಡ್ರಿಯವೇ ಬರುತ್ತವೆ, ನನಗೆ ಗೊತ್ತಿರುವುದು ಅದೊಂದೇ.

ಮೊದಲು ‘ಗೊತ್ತಿಲ್ಲ’ವನ್ನು ಬಿಡಿಸಿಕೊಳ್ಳಿ

ಗೊತ್ತಿಲ್ಲ ಅನ್ನುವುದು ಒಂದೇ ಕಾಯಿಲೆ ಅಲ್ಲ, ಮೂರು ಕಾಯಿಲೆ. ಮೂರಕ್ಕೂ ಔಷಧಿ ಬೇರೆ. ನಾವು ಮಾಡುವ ತಪ್ಪು ಏನಂದರೆ ಮೂರಕ್ಕೂ ಒಂದೇ ಗುಳಿಗೆ ನುಂಗುವುದು, ಅಂದರೆ ಚಿಂತೆ ಮಾಡುತ್ತಾ ಕೂರುವುದು.

ಒಂದು ನೋಟ್‌ಬುಕ್ ತನ್ನಿ. ಮೊಬೈಲ್ ಬೇಡ, ಅದರಲ್ಲಿ ಬರೆಯಲು ಹೋದವರು ರೀಲ್ಸ್ ನೋಡಿ ವಾಪಸ್ ಬರುತ್ತಾರೆ. ಕೆಲಸದ ಬಗ್ಗೆ ತಲೆ ತಿನ್ನುತ್ತಿರುವ ಪ್ರಶ್ನೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಈ ಮೂರರಲ್ಲಿ ಒಂದು ಪದ ಹಾಕಿ: ಮಳೆ, ಬಾಯಿ, ಬಾಕಿ.

ಮಳೆ ಅಂದರೆ ಯಾರಿಗೂ ಗೊತ್ತಿಲ್ಲದ್ದು. ಮಾಲೀಕರಿಗೂ ಗೊತ್ತಿಲ್ಲ, ಡೆಲ್ಲಿಯವರಿಗೂ ಗೊತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಹತ್ತಿರ ಹೆದ್ದಾರಿ ಮೇಲೆ ನೀರು ಬಂದು ದಿನಗಟ್ಟಲೆ ಲಾರಿ ನಿಂತವಲ್ಲ, ಅದು ಮಳೆ. 2025 ಇನ್ನೂ ಮಜಾ ಇತ್ತು. ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹಳಷ್ಟು ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿತು. ಇನ್ನೂ ಒಂದು ತಿಂಗಳಾಗಿರಲಿಲ್ಲ, ಸೆಪ್ಟೆಂಬರ್ 22ರಿಂದ ಇಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಹೊರದೇಶದ ಮಾಲಿನ ಗಿರಾಕಿ ‘ಸದ್ಯ ನಿಲ್ಲಿಸ್ರಿ’ ಅನ್ನುತ್ತಾನೆ, ಟ್ರ್ಯಾಕ್ಟರ್ ಗಿರಾಕಿ ‘ಡಬಲ್ ಬೇಕು’ ಅನ್ನುತ್ತಾನೆ. ಜುಲೈನಲ್ಲಿ ಕೂತು ಇದನ್ನು ಹೇಳುವ ಜ್ಯೋತಿಷಿ ಉದ್ಯಮಬಾಗದಲ್ಲಿ ಯಾರೂ ಇರಲಿಲ್ಲ.

ಬಾಯಿ ಅಂದರೆ ಯಾರಿಗೋ ಗೊತ್ತಿದೆ, ನಿಮ್ಮವರೆಗೆ ಬಂದಿಲ್ಲ. ಬೇಕಂತಲೇ ಮುಚ್ಚಿಟ್ಟಿರಬಹುದು. ಆದರೆ ಹೆಚ್ಚಾಗಿ ಅವರು ಮರೆತಿರುತ್ತಾರೆ, ಅಥವಾ ನಿಮಗೆ ಗೊತ್ತೇ ಇದೆ ಅಂದುಕೊಂಡಿರುತ್ತಾರೆ.

ಬಾಕಿ ಅಂದರೆ ಗೊತ್ತಾಗಲು ಏನೂ ಇಲ್ಲ, ಇನ್ನೂ ಯಾರೂ ತೀರ್ಮಾನವನ್ನೇ ಮಾಡಿಲ್ಲ. ಫೈಲು ಯಾರದೋ ಟೇಬಲ್ ಮೇಲಿದೆ. ಅಥವಾ ಇಬ್ಬರ ಟೇಬಲ್ ಮೇಲಿದೆ, ಅದು ಇನ್ನೂ ಕಷ್ಟ.

ಹೀಗೆ ಬರೆದು ನೋಡಿ, ಒಂದು ವಿಚಿತ್ರ ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಹತ್ತು ಪ್ರಶ್ನೆ ಇದ್ದರೆ ಮಳೆ ಎರಡೋ ಮೂರೋ ಇರುತ್ತವೆ. ಉಳಿದದ್ದೆಲ್ಲ ಬಾಯಿ ಮತ್ತು ಬಾಕಿ. ಅಂದರೆ ನಾವು ಹಣೆಬರಹ ಅಂತ ಬೈದುಕೊಳ್ಳುವುದರಲ್ಲಿ ಹೆಚ್ಚಿನದು ಬರೀ ಕೇಳದೆ ಉಳಿದ ಪ್ರಶ್ನೆ.

ಬಾಯಿ: ಸರಿಯಾದ ಮನುಷ್ಯನನ್ನು ಕೇಳಿ, ಕಾಗದ ನೋಡಿ

ನನ್ನದೇ ಎಡವಟ್ಟು ಹೇಳುತ್ತೇನೆ, ಹಿಂದಿನ ಕಂಪನಿಯದು. ಒಂದು ಪಂಪ್ ಬಾಡಿ, ಪ್ರತಿ ತಿಂಗಳು ಬರುವ ಆರ್ಡರ್, ಕಣ್ಣು ಮುಚ್ಚಿ ಮಾಡುವ ಮಾಲು. ಗಿರಾಕಿಯ ಎಂಜಿನಿಯರ್ ಏನೋ ಬದಲು ಮಾಡುತ್ತಿದ್ದಾರಂತೆ ಅಂತ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದಿತ್ತು. ಮ್ಯಾನೇಜರ್ ಹತ್ತಿರ ಹೋಗಿ ‘ಸರ್, ಹಳೇ ಡ್ರಾಯಿಂಗೇ ಅಲ್ರಿ?’ ಅಂತ ಕೇಳಿದೆ. ಅವರು ಫೋನಿನಲ್ಲಿದ್ದರು. ‘ಅದ ಇರಬೇಕು ನೋಡು’ ಅಂದರು. ನಾನು ಖುಷಿಯಿಂದ ಬಂದು ಪ್ಲಾನ್ ಬರೆದೆ. 140 ಪೀಸ್ ಮಷಿನಿಂಗ್ ಮುಗಿದು, ಹೋಲ್ ಬಿದ್ದು, ಪೇಂಟ್ ಆಗಿ, ಲೋಡ್ ಮಾಡುವ ದಿನ ಗೊತ್ತಾಯಿತು: ಹೊಸ ಡ್ರಾಯಿಂಗ್ ಬಂದು ಹನ್ನೊಂದು ದಿನ ಆಗಿದೆ, ಬೋಲ್ಟ್ ಹೋಲುಗಳ ಜಾಗ ಬದಲಾಗಿದೆ. ಅದು ಮಾರ್ಕೆಟಿಂಗ್‌ನ ಒಬ್ಬ ಹುಡುಗನ ಮೇಲ್‌ನಲ್ಲಿ ಸುಮ್ನೆ ಕೂತಿತ್ತು. 140 ಪೀಸೂ ಭಟ್ಟಿಗೆ ವಾಪಸ್.

ಬೈಗುಳ ಎಲ್ಲರಿಗೂ ಸಮನಾಗಿ ಹಂಚಿದರು. ಆದರೆ ರಾತ್ರಿ ಕೂತು ಯೋಚಿಸಿದಾಗ ನನಗೆ ಸಿಟ್ಟು ಬಂದದ್ದು ಆ ‘ಇರಬೇಕು’ ಮೇಲೆ. ಕನ್ನಡದಲ್ಲಿ ಇದೊಂದು ಕೆಟ್ಟ ಸೌಲಭ್ಯ ಇದೆ. ‘ಬಂದಿರಬೇಕು’, ‘ಆಗಿರಬೇಕು’, ‘ಹೇಳಿರಬೇಕು’. ಕೇಳಲು ಉತ್ತರದ ಹಾಗೇ ಇರುತ್ತದೆ, ಆದರೆ ಹೇಳಿದವನು ನೋಡಿಲ್ಲ, ಊಹೆ ಮಾಡಿದ್ದಾನೆ ಅಷ್ಟೇ. ಅವತ್ತಿನಿಂದ ಯಾರಾದರೂ ‘ಇರಬೇಕು’ ಅಂದರೆ ನಾನು ಅದನ್ನು ‘ಗೊತ್ತಿಲ್ಲ’ ಅಂತಲೇ ಬರೆದುಕೊಳ್ಳುತ್ತೇನೆ.

ಹಾಗಾಗಿ ಬಾಯಿ ಜಾತಿಯ ಪ್ರಶ್ನೆಗೆ ಮಾಡಬೇಕಾದ್ದು ಇಷ್ಟು. ದೊಡ್ಡವರನ್ನು ಕೇಳುವ ಮೊದಲು ಕಾಗದ ಯಾರ ಕೈಗೆ ಬರುತ್ತದೋ ಅವರನ್ನು ಕೇಳಿ. ಮ್ಯಾನೇಜರ್‌ಗಿಂತ ಡಿಸ್ಪ್ಯಾಚ್ ಕ್ಲಾರ್ಕಿಗೆ, ಸ್ಟೋರ್ ಕೀಪರ್‌ಗೆ, ಅಕೌಂಟ್ಸ್‌ನ ಅಕ್ಕನಿಗೆ ಎಷ್ಟೋ ಸಂಗತಿ ಮೊದಲೇ ಗೊತ್ತಿರುತ್ತದೆ. ‘ಹಳೇದೇ ಅಲ್ವಾ?’ ಅಂತ ಕೇಳಬೇಡಿ, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದರೆ ಎದುರಿನವನು ‘ಹೂಂ’ ಅನ್ನದೆ ಇನ್ನೇನು ಅಂದಾನು? ‘ಈ ಪಾರ್ಟಿನ ಡ್ರಾಯಿಂಗಿನ ಈಗಿನ ರಿವಿಜನ್ ನಂಬರ್ ಎಷ್ಟು, ಕಳಿಸ್ತೀರಾ?’ ಅಂತ ಕೇಳಿ. ಇದಕ್ಕೆ ಹೂಂ ಅನ್ನಲು ಬರುವುದಿಲ್ಲ, ತೆಗೆದು ನೋಡಲೇಬೇಕು.

ಒಬ್ಬರು ಹೇಳುವುದಿಲ್ಲ ಅಂತ ಗೊತ್ತಾದರೆ ‘ಯಾವಾಗ ಹೇಳ್ತೀರಿ’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ‘ಇದನ್ನ ಈಗ ಹೇಳೋ ಹಾಗಿಲ್ಲ, ಹದಿನೈದು ದಿನ ತಡಿ’ ಅಂತ ಒಬ್ಬ ಮ್ಯಾನೇಜರ್ ನೇರವಾಗಿ ಅಂದಿದ್ದರು. ‘ನೋಡೋಣ’ಕ್ಕಿಂತ ಇದು ನೂರು ಪಾಲು ಮೇಲು. ಹದಿನೈದು ದಿನ ಆರಾಮಾಗಿ ಮಲಗಿದೆ.

ಬಾಕಿ: ತೀರ್ಮಾನ ಕೇಳಬೇಡಿ, ತೀರ್ಮಾನ ಕೊಟ್ಟು ‘ಬೇಡ’ ಅನ್ನಲು ಬಿಡಿ

‘ಸರ್, ಏನು ಮಾಡಲಿ?’ ಅಂತ ಕೇಳಿದರೆ ನಿಮ್ಮ ತಲೆನೋವನ್ನು ಎತ್ತಿ ಅವರ ತಲೆ ಮೇಲೆ ಇಟ್ಟ ಹಾಗೆ. ಅವರ ತಲೆಯ ಮೇಲೆ ಆಗಲೇ ಇಪ್ಪತ್ತು ಇವೆ. ಆಗ ಬರುವ ಉತ್ತರವೇ ನೋಡೋಣ್ರಿ. ಅವರು ಕೆಟ್ಟವರಂತಲ್ಲ. ಹೌದು ಅಂದರೂ ಜವಾಬ್ದಾರಿ, ಇಲ್ಲ ಅಂದರೂ ಜವಾಬ್ದಾರಿ, ನೋಡೋಣ ಅಂದರೆ ಮಾತ್ರ ಪುಕ್ಕಟೆ.

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ. ನಾನು ಕಳಿಸುವ ವಾಟ್ಸ್‌ಆಪ್ ಮೆಸೇಜು ಹೀಗಿರುತ್ತದೆ (ಹೀಟ್ ಅಂದರೆ ಭಟ್ಟಿಯಲ್ಲಿ ಒಂದು ಸಲ ಲೋಹ ಕರಗಿಸುವುದು, ಮೌಲ್ಡ್ ಅಂದರೆ ಎರಕದ ಅಚ್ಚು):

‘ಸರ್ ನಮಸ್ಕಾರ. ನಾಳೆ ಒಂದೇ ಹೀಟಿಗೆ ಕರೆಂಟ್ ಸಿಗೋದು. ವಾಲ್ವ್ ಬಾಡಿ ಡಿಸ್ಪ್ಯಾಚ್ ಶುಕ್ರವಾರ ಇದೆ, ಬ್ರಾಕೆಟ್ ಮುಂದಿನ ವಾರ. ಅದಕ್ಕೆ ನಾಳೆ ವಾಲ್ವ್ ಬಾಡಿ ಹೊಯ್ತೀವಿ. ಬೇಡ ಅಂದ್ರೆ ಇವತ್ತು ಸಂಜೆ 5ರೊಳಗೆ ತಿಳಿಸ್ರಿ, ಆಮೇಲೆ ಮೌಲ್ಡ್ ಹಾಕೋದು ಶುರು ಮಾಡ್ತಾರೆ.’

ಇದರಲ್ಲಿ ನಾಲ್ಕು ಸಂಗತಿ ಇವೆ, ಒಂದನ್ನೂ ಬಿಡಬೇಡಿ. ಪರಿಸ್ಥಿತಿ ಏನು. ನಾನು ಏನು ಮಾಡುತ್ತೇನೆ. ಯಾಕೆ. ಎಷ್ಟು ಗಂಟೆಯೊಳಗೆ ತಡೆಯಬಹುದು. ಮೌನಕ್ಕೆ ಈಗ ಒಂದು ಅರ್ಥ ಬಂತು ನೋಡಿ. ಮೊದಲು ಅವರು ಸುಮ್ಮನಿದ್ದರೆ ನಿಮ್ಮ ಕೆಲಸ ನಿಲ್ಲುತ್ತಿತ್ತು, ಈಗ ಅವರು ಸುಮ್ಮನಿದ್ದರೆ ಕೆಲಸ ನಡೆಯುತ್ತದೆ.

ಎಚ್ಚರಿಕೆ ಒಂದಿದೆ. ದುಡ್ಡು ಖರ್ಚಾಗುವುದು, ಮನುಷ್ಯರನ್ನು ತೆಗೆಯುವುದು, ಗಿರಾಕಿಗೆ ತಾರೀಖು ಕೊಡುವುದು, ಸುರಕ್ಷತೆಗೆ ಸಂಬಂಧಪಟ್ಟದ್ದು, ಇಂಥದ್ದಕ್ಕೆ ‘ಸುಮ್ಮನಿದ್ದರೆ ಹೂಂ ಅಂತ ತಿಳ್ಕೋತೀನಿ’ ಅನ್ನುವ ಆಟ ಬೇಡ. ಅವಕ್ಕೆ ಬಾಯಿಬಿಟ್ಟು ಹೌದು ಅನ್ನಿಸಿಕೊಂಡೇ ಮುಂದೆ ಹೋಗಿ, ಎಷ್ಟೇ ತಡವಾಗಲಿ.

ಮತ್ತೆ ಬಾಯಿಮಾತಿನಲ್ಲಿ ಹೇಳಿದ್ದನ್ನೂ ಹಾಗೇ ಬಿಡಬೇಡಿ. ಶಾಪಿನಲ್ಲಿ ನಡೆದಾಡುತ್ತಾ ಸಾಹೇಬರು ‘ಅದನ್ನ ಬಿಟ್ಟು ಇದನ್ನ ತಗೋ’ ಅಂದರೆ, ಕ್ಯಾಬಿನ್ನಿಗೆ ಬಂದ ಕೂಡಲೇ ‘ಸರ್, ಈಗ ಹೇಳಿದ ಪ್ರಕಾರ ಅದನ್ನು ನಿಲ್ಲಿಸಿ ಇದನ್ನು ಶುರು ಮಾಡಿದ್ದೀವಿ’ ಅಂತ ಒಂದು ಸಾಲು ಹಾಕಿ. ಸಾಕ್ಷಿ ಇಟ್ಟುಕೊಳ್ಳಲು ಅಂತ ಮಾಡಿದರೆ ಅದು ಎದುರಿನವರಿಗೂ ವಾಸನೆ ಬರುತ್ತದೆ, ಸಂಬಂಧ ಕೆಡುತ್ತದೆ. ತಪ್ಪು ತಿಳಿದಿದ್ದರೆ ಈಗಲೇ ತಿದ್ದಲಿ ಅಂತ ಮಾಡಿ. ನನಗೆ ವಾರಕ್ಕೊಮ್ಮೆಯಾದರೂ ‘ಏ ಇಲ್ಲೋ, ನಾ ಅದನ್ನ ಅಂದಿಲ್ಲ’ ಅಂತ ವಾಪಸ್ ಬರುತ್ತದೆ. ಆ ಒಂದು ಮೆಸೇಜು ಒಂದು ದಿನದ ಕೆಲಸ ಉಳಿಸುತ್ತದೆ.

ಇನ್ನು ಇಬ್ಬರು ಸಾಹೇಬರ ಸಮಸ್ಯೆ. ನಮ್ಮ ಕಡೆ ಇದು ಬಹಳ. ಬೆಳಗಾವಿಯ ಎಷ್ಟೋ ಕಾರ್ಖಾನೆಗಳು ಮನೆತನದವು. ಅಪ್ಪ ಕಟ್ಟಿದ್ದು, ಮಗ ಹೊರಗೆ ಓದಿ ಬಂದಿದ್ದಾನೆ. ಅಪ್ಪನಿಗೆ ‘ಅಣ್ಣಾವ್ರು’ ಅನ್ನುತ್ತೇವೆ, ಮಗನಿಗೆ ‘ಸರ್’. ಅಣ್ಣಾವ್ರು ಬೆಳಿಗ್ಗೆ ಒಂದು ಸುತ್ತು ಹೊಡೆದು ‘ಇದನ್ನ ಮೊದಲ ಮುಗಿಸ್ರಿ’ ಅಂತಾರೆ, ಹನ್ನೊಂದಕ್ಕೆ ಸರ್ ಬಂದು ಲ್ಯಾಪ್‌ಟಾಪ್ ತೆರೆದು ಬೇರೆಯದೇ ಹೇಳುತ್ತಾರೆ. ಹಳಬರೆಲ್ಲ ಇಂಥ ಹೊತ್ತಿನಲ್ಲಿ ಇಬ್ಬರಿಗೂ ಹೂಂ ಅಂದು ತಮಗೆ ತೋಚಿದ್ದು ಮಾಡುತ್ತಾರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಎರಡು ಸಲ ನಡೆಯುತ್ತದೆ, ಮೂರನೇ ಸಲ ಇಬ್ಬರೂ ಒಟ್ಟಿಗೆ ನಿಂತಿರುವಾಗ ಸಿಕ್ಕಿ ಬೀಳುತ್ತೀರಿ.

ಇಬ್ಬರಲ್ಲಿ ಯಾರು ದೊಡ್ಡವರು ಅಂತ ನೀವು ತೀರ್ಮಾನ ಮಾಡಲು ಹೋಗಬೇಡಿ, ಅದು ಅವರ ಮನೆ ವಿಷಯ. ಇಬ್ಬರಿಗೂ ಒಂದೇ ಮೆಸೇಜಿನಲ್ಲಿ, ಯಾರ ಹೆಸರೂ ಎತ್ತದೆ ಕೇಳಿ: ‘ಎರಡೂ ಮಾಲಿಗೆ ಒಂದೇ ಮಷಿನ್ ಬೇಕು. ಎ ಮೊದಲು ಮಾಡಿದರೆ ಬಿ ಗುರುವಾರಕ್ಕೆ ಹೋಗ್ತದೆ. ಬಿ ಮೊದಲು ಮಾಡಿದರೆ ಎ ಬುಧವಾರಕ್ಕೆ. ಯಾವುದು ಮೊದಲು?’ ಎರಡರ ಬೆಲೆಯೂ ಎದುರಿಗಿದ್ದರೆ ಅವರವರೇ ಮಾತಾಡಿಕೊಳ್ಳುತ್ತಾರೆ. ‘ಅಣ್ಣಾವ್ರು ಹಂಗಂದ್ರು, ನೀವು ಹಿಂಗಂತೀರಿ’ ಅಂದಿರೋ, ಜಗಳದ ನಡುವೆ ನಿಂತವರು ನೀವೇ.

ಮಳೆ: ಕಾಯುವುದಕ್ಕೂ ಒಂದು ಗಡುವು ಹಾಕಿ

ನಮ್ಮದು ಮೂಲ ವಿಜಯಪುರ ಕಡೆಯ ಎರೆ ಹೊಲ. ಬಿಳಿಜೋಳ ಬಿತ್ತಬೇಕಂದರೆ ಹಿಂಗಾರಿ ಮಳೆ ಆಗಿ ಹದ ಸಿಗಬೇಕು. ಮಳೆ ಯಾವಾಗ ಬರುತ್ತದೆ? ದೇವರಿಗೇ ಗೊತ್ತು. ಆದರೆ ನಮ್ಮಪ್ಪ ಆಕಾಶ ನೋಡುತ್ತಾ ಕೂತದ್ದನ್ನು ನಾನು ನೋಡಿಲ್ಲ. ಅವರದು ಮೊದಲೇ ತೀರ್ಮಾನ ಆಗಿರುತ್ತಿತ್ತು: ಉತ್ತರಿ ಮಳೆಗೆ ಹದ ಬಂತು, ಜೋಳ. ಹಸ್ತಿ ಮಳೆ ತನಕ ಕಾಯೋದು, ಆಗಲೂ ಜೋಳ. ಚಿತ್ತಿ ಮಳೆಗೆ ಹೋಯಿತು ಅಂದರೆ ಜೋಳದ ಆಸೆ ಬಿಟ್ಟು ಕಡಲೆ. ಎರಡೂ ಬೀಜ ಮನೆಯಲ್ಲಿ ಇರುತ್ತಿತ್ತು. ಮಳೆ ಅವರ ಕೈಯಲ್ಲಿ ಇರಲಿಲ್ಲ, ಆದರೆ ಎಲ್ಲಿಯವರೆಗೆ ಕಾಯಬೇಕು, ಆಮೇಲೆ ಏನು ಅನ್ನುವುದು ಪೂರ್ತಿ ಅವರ ಕೈಯಲ್ಲಿತ್ತು.

ನನ್ನ ನೋಟ್‌ಬುಕ್ಕಿನಲ್ಲಿ ಮಳೆ ಅಂತ ಬರೆದ ಪ್ರತಿ ಸಾಲಿನ ಪಕ್ಕದಲ್ಲೂ ಈಗ ಎರಡು ಸಂಗತಿ ಇರುತ್ತವೆ: ಎಂದಿನ ತನಕ ಜೋಳ, ಎಂದಿನಿಂದ ಕಡಲೆ. ‘ಎಕ್ಸ್‌ಪೋರ್ಟ್ ಆರ್ಡರ್ 20ನೇ ತಾರೀಖಿನೊಳಗೆ ಖಾತ್ರಿ ಆಗದಿದ್ದರೆ ಆ ಮಷಿನ್ ಟ್ರ್ಯಾಕ್ಟರ್ ಮಾಲಿಗೆ.’ ಬರೆದು ಮುಗಿಯಿತು. 20ರ ತನಕ ಅದರ ಬಗ್ಗೆ ಯೋಚಿಸುವ ಹಕ್ಕು ನನಗಿಲ್ಲ. ಇದು ಹೇಳಿದಷ್ಟು ಸುಲಭ ಅಲ್ಲ, ಮಧ್ಯೆ ತಲೆಯಲ್ಲಿ ಬರುತ್ತಲೇ ಇರುತ್ತದೆ. ಬಂದಾಗ ‘20ಕ್ಕೆ ಬಾ’ ಅಂತ ವಾಪಸ್ ಕಳಿಸುವುದು. ಸಾಲ ವಸೂಲಿಗೆ ಬಂದವರಿಗೆ ನಾವು ಹೇಳೋದಿಲ್ವಾ, ಹಾಗೆ.

ಗಡುವು ಬರುವ ತನಕ ಕೈಕಟ್ಟಿ ಕೂರಬೇಕು ಅಂತ ಅಲ್ಲ. ಮಷಿನ್ ಶಾಪಿನವರು ಇದನ್ನು ಬಹಳ ಚಂದ ಮಾಡುತ್ತಾರೆ. ಗಿರಾಕಿ ಬೋರ್ ಸೈಜ್, ಅಂದರೆ ಒಳಗಿನ ತೂತಿನ ಅಳತೆ, ಇನ್ನೂ ಪಕ್ಕಾ ಮಾಡಿಲ್ಲ, 60 ಮಿಲಿಮೀಟರೋ 62ಓ ಅಂತ ಎಳೆದಾಡುತ್ತಿದ್ದಾನೆ ಅಂದುಕೊಳ್ಳಿ. ಲೇತ್ ಮಷಿನ್ ನಡೆಸುವ ಹಳಗಾಲದ ಟರ್ನರ್ ಕಾಕಾ ಕಾಯುವುದಿಲ್ಲ. ಮೊದಲು ಎರಡೂ ಡ್ರಾಯಿಂಗಿನಲ್ಲಿ ಒಂದೇ ಇರುವ ಕೆಲಸ ಮುಗಿಸುತ್ತಾನೆ. ಫೇಸಿಂಗ್ ಹೊಡೆದು ಮುಖ ಸಮ ಮಾಡುತ್ತಾನೆ, ಹೊರಗಿನ ಡಯಾ ತೆಗೆಯುತ್ತಾನೆ. ಬೋರನ್ನು 57ಕ್ಕೆ ರಫ್ ಮಾಡಿ ಬಿಡುತ್ತಾನೆ. ಗಿರಾಕಿ 60 ಅನ್ನಲಿ 62 ಅನ್ನಲಿ, ಉಳಿದದ್ದು ಕಡೆಯ ಒಂದೆರಡು ಕಟ್. ಕಬ್ಬಿಣವನ್ನು ಕೊರೆಯಬಹುದು, ಕೊರೆದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ. ಅದಕ್ಕೇ ಅವನು ‘ಮಾಲ ಇಡ್ರಿ, ಮಾಲ ಇದ್ರ ಎಲ್ಲಾ ಆಗ್ತದ’ ಅನ್ನುತ್ತಿರುತ್ತಾನೆ.

ನಿಮ್ಮ ಕೆಲಸ ಯಾವುದೇ ಇರಲಿ, ಈ ವಿಂಗಡಣೆ ಮಾಡಿ. ಉತ್ತರ ಏನೇ ಬಂದರೂ ಬೇಕಾಗುವ ಕೆಲಸ ಯಾವುದು? ಅದನ್ನು ಈಗಲೇ ಮುಗಿಸಿ. ಮಾಡಿ ಆಮೇಲೆ ಬದಲಿಸಬಹುದಾದದ್ದು ಯಾವುದು? ಅದನ್ನು ಅರ್ಧದವರೆಗೆ ತನ್ನಿ. ಮಾಡಿದರೆ ವಾಪಸ್ ಬರಲಾಗದ್ದು ಯಾವುದು? ಅದನ್ನು ಮಾತ್ರ ಹಿಡಿದಿಟ್ಟುಕೊಳ್ಳಿ. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ತಂಗಿಗೆ ಪ್ರತಿ ವರ್ಷ ಯಾವ ಸೆಮಿಸ್ಟರ್ ಕೊಡುತ್ತಾರೆ ಅಂತ ಕಡೇ ಕ್ಷಣದವರೆಗೆ ತಿಳಿಯುವುದಿಲ್ಲ. ಎರಡು ಸೆಮಿಸ್ಟರಿಗೂ ಬರುವ ಪಾಠದ ನೋಟ್ಸ್ ಅವಳು ರಜೆಯಲ್ಲೇ ಬರೆದಿಡುತ್ತಾಳೆ. ಟರ್ನರ್ ಕಾಕಾನ ಹೆಸರು ಅವಳು ಕೇಳಿಯೂ ಇಲ್ಲ.

ಚಹಾದಂಗಡಿ ಸುದ್ದಿಗೆ ಏನು ಮಾಡುವುದು

‘ಕಂಪನಿ ಪುಣೆಗೆ ಹೋಗ್ತದಂತ.’ ‘ಮಾರ್ಚ್ ಆದ ಮ್ಯಾಲ ಬಂದ್ ಅಂತ.’ ಇಂಥ ಸುದ್ದಿಯ ವ್ಯಾಕರಣ ಗಮನಿಸಿ, ಕೊನೆಗೆ ಯಾವಾಗಲೂ ಒಂದು ‘ಅಂತ’ ಇರುತ್ತದೆ. ಯಾರು ಅಂದರು ಅಂತ ಕೇಳಿ. ‘ಎಲ್ಲಾರೂ ಅನ್ನಾಕತ್ತಾರ’ ಅಂದರೆ ಯಾರೂ ಅಂದಿಲ್ಲ ಅಂತ ಅರ್ಥ.

ಹಾಗಂತ ಗಾಳಿಸುದ್ದಿ ಪೂರ್ತಿ ಸುಳ್ಳು ಅಂತ ಕೂರುವುದೂ ದಡ್ಡತನ. ಕಂಪನಿ ನಿಜಕ್ಕೂ ಕಷ್ಟದಲ್ಲಿದ್ದರೆ ಬಾಯಿಗಿಂತ ಮೊದಲು ಲೆಕ್ಕ ಮಾತಾಡುತ್ತದೆ. ಸಂಬಳ 7ಕ್ಕೆ ಬರುತ್ತಿದ್ದದ್ದು 12ಕ್ಕೆ, ಆಮೇಲೆ 18ಕ್ಕೆ ಜಾರುತ್ತಿದೆಯಾ? ಸ್ಕ್ರ್ಯಾಪ್ ಲಾರಿಯವನು ‘ಮೊದಲ ರೊಕ್ಕ ಕೊಡ್ರಿ’ ಅಂತ ಗೇಟಿನಲ್ಲೇ ನಿಲ್ಲುತ್ತಿದ್ದಾನಾ? ಮತ್ತೆ ಪಿಎಫ್. ಒಂದು ತಿಂಗಳ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರಿನಿಂದ ಸರ್ಕಾರದ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಬಹುದು. ಕೆಲವು ದಿನ ತಡವಾಗಿ ಕಾಣಿಸಿದರೆ ಗಾಬರಿ ಬೇಡ. ಆದರೆ ಸಂಬಳದಲ್ಲಿ ನಿಮ್ಮ 12 ಪರ್ಸೆಂಟ್ ಕಡಿತ ಆಗುತ್ತಿದೆ, ಪಾಸ್‌ಬುಕ್ಕಿನಲ್ಲಿ ಎರಡು ಮೂರು ತಿಂಗಳಿಂದ ಏನೂ ಬಿದ್ದಿಲ್ಲ ಅಂದರೆ ಅದು ಚಹಾದಂಗಡಿ ಸುದ್ದಿ ಅಲ್ಲ.

ನಾನು ಪ್ರತಿ ತಿಂಗಳು 25ಕ್ಕೆ ನೋಡುತ್ತೇನೆ, ಕರೆಂಟ್ ಬಿಲ್ ನೋಡಿದ ಹಾಗೆ.

ಕಾಗದ, ರೊಕ್ಕ, ಮನೆ

ಇದು ಬೇಜಾರಿನ ಭಾಗ, ಆದರೆ ನಿದ್ದೆ ಬರುವುದು ಇದರಿಂದಲೇ.

ಒಂದು ಫೈಲಿನಲ್ಲಿ ನೇಮಕ ಪತ್ರ, ಸಂಬಳದ ಸ್ಲಿಪ್ಪುಗಳು, ಇನ್‌ಕ್ರಿಮೆಂಟ್ ಲೆಟರ್ ಇರಲಿ. ಪಿಎಫ್‌ನಲ್ಲಿ ಆಧಾರ್, ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ, ನಾಮಿನಿ ಹೆಸರು ಇದೆಯಾ ಅಂತ ಕೆಲಸ ಇರುವಾಗಲೇ ನೋಡಿಕೊಳ್ಳಿ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಪಿಎಫ್‌ನಲ್ಲಿ ಇನ್ನೊಂದು ಅಂತ ಕೆಲಸ ಬಿಟ್ಟ ಮೇಲೆ ಓಡಾಡುವವರನ್ನು ನೋಡಿ ಸಾಕಾಗಿದೆ. ನೇಮಕ ಪತ್ರವೇ ಇಲ್ಲದವರು ನಮ್ಮ ಕಡೆ ಬಹಳ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲರಿಗೂ ನೇಮಕ ಪತ್ರ ಕೊಡಬೇಕು ಅಂತ ಇದೆ, ಕೇಳಲು ಸಂಕೋಚ ಬೇಡ.

ಕೆಲಸದಿಂದ ತೆಗೆದರೆ ಏನು ಗತಿ ಅನ್ನುವುದು ಎಲ್ಲರ ಮನಸ್ಸಿನ ಭಯ, ಆದರೆ ನಿಯಮ ಓದಿದವರು ಕಡಿಮೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕಾರ್ಮಿಕನನ್ನು ಕೆಲಸ ಇಲ್ಲ ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು, ಮೇಲೆ ದುಡಿದ ಪ್ರತಿ ಪೂರ್ತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಸೂಪರ್‌ವೈಸರ್ ಆಗಿದ್ದು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳ ಇದ್ದರೆ ನೀವು ಈ ಲೆಕ್ಕದ ಕಾರ್ಮಿಕ ಅಲ್ಲ. ನಿಮಗೆ ನೇಮಕ ಪತ್ರದಲ್ಲಿ ಬರೆದ ನೋಟಿಸ್ ಅವಧಿಯೇ ಆಧಾರ, ಹೋಗಿ ಅದನ್ನು ಒಂದು ಸಲ ಓದಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಅದರ ಲೆಕ್ಕ ಸುಲಭ. ಕಡೇ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಿ. ಬೇಸಿಕ್ ಡಿಎ ಸೇರಿ 18,200 ಇದ್ದರೆ ವರ್ಷಕ್ಕೆ 10,500 ಬೀಳುತ್ತದೆ. ಏಳು ವರ್ಷಕ್ಕೆ 73,500. ಕಾಯಂ ನೌಕರರಿಗೆ ಐದು ವರ್ಷ ಆಗಿರಬೇಕು. ಇಷ್ಟು ವರ್ಷಕ್ಕೆ ಅಂತ ಬರೆಸಿಕೊಂಡು ಸೇರಿದವರಿಗೆ ಹೊಸ ನಿಯಮದಲ್ಲಿ ಒಂದು ವರ್ಷಕ್ಕೇ ಸಿಗುತ್ತದೆ. ನನ್ನ ಲೆಕ್ಕ ಹಾಕಿ ನೋಡಿದ ದಿನ ನನಗೆ ಅರ್ಧ ಭಯ ಹೋಯಿತು. ದೊಡ್ಡ ಮೊತ್ತ ಅಂತಲ್ಲ, ಒಂದು ಅಂಕಿ ಸಿಕ್ಕಿತು ಅಂತ.

ಮನೆಯಲ್ಲಿ ಒಂದೇ ನಿಯಮ: ಓಟಿ (ಓವರ್‌ಟೈಮ್) ಹಣದ ಮೇಲೆ ಇಎಂಐ ಕಟ್ಟುವ ಸಾಲ ಮಾಡಬೇಡಿ. ಆರ್ಡರ್ ಜೋರಿದ್ದಾಗ ತಿಂಗಳಿಗೆ ಆರೇಳು ಸಾವಿರ ಓಟಿ ಬರುತ್ತದೆ, ಅದನ್ನು ನಂಬಿ ಬೈಕು, ಟಿವಿ, ಮೇಲೊಂದು ಭಿಶಿ ಚೀಟಿ. ಮೊದಲು ನಿಲ್ಲುವುದೇ ಓಟಿ. ಓಟಿ ಬಂದದ್ದನ್ನು ಬೇರೆ ಖಾತೆಗೆ ಹಾಕುತ್ತಾ ಹೋಗಿ, ಮನೆಯ ಮೂರು ತಿಂಗಳ ಖರ್ಚು ಅಲ್ಲಿ ಸೇರುವ ತನಕ ಮುಟ್ಟಬೇಡಿ. ನನಗೆ ಇದು ಸೇರಲು ಎರಡೂವರೆ ವರ್ಷ ಹಿಡಿಯಿತು, ಮಧ್ಯೆ ತಂಗಿಯ ಮದುವೆಗೆ ಒಮ್ಮೆ ಪೂರ್ತಿ ಖಾಲಿ ಆಗಿತ್ತು. ಮನೆಯವರಿಗೂ ಹೇಳಿ. ನಾನು ಆರು ತಿಂಗಳು ಮುಚ್ಚಿಟ್ಟಿದ್ದೆ, ನನ್ನ ಹೆಂಡತಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ.

ನಿಮ್ಮ ಕೈಕೆಳಗೆ ನಾಲ್ಕು ಜನ ಇದ್ದರೆ

ಆಗ ‘ನೋಡೋಣ್ರಿ’ ಅನ್ನುವವರು ನೀವೇ ಆಗಿರುತ್ತೀರಿ, ಅದು ನಿಮಗೆ ಗೊತ್ತೂ ಆಗುವುದಿಲ್ಲ.

2020ರ ಲಾಕ್‌ಡೌನ್ ಮುಗಿದು ಶಾಪ್ ತೆರೆದಾಗ ಹುಡುಗರು ದಿನಾ ಕೇಳುತ್ತಿದ್ದರು, ಎಲ್ಲರನ್ನೂ ಕರೀತಾರಾ ಅಂತ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. ‘ಎಲ್ಲಾ ಸರಿ ಆಗ್ತದ, ಚಿಂತಿ ಮಾಡಬ್ಯಾಡ್ರಿ’ ಅನ್ನುತ್ತಿದ್ದೆ. ಒಂದು ದಿನ ಒಬ್ಬ ಮೌಲ್ಡರ್, ನನಗಿಂತ ಹತ್ತು ವರ್ಷ ದೊಡ್ಡವನು, ‘ಸಾಹೇಬ್ರ, ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ನಾ ಊರಿಗೆ ಹೋಗಿ ಹೊಲದ ಕೆಲಸರ ನೋಡ್ತೀನಿ’ ಅಂದ. ಅವನಿಗೆ ನನ್ನ ಸಮಾಧಾನ ಬೇಕಿರಲಿಲ್ಲ, ಬಿತ್ತನೆ ತಪ್ಪದಂತೆ ಊರಿಗೆ ಹೋಗಬೇಕೋ ಬೇಡವೋ ಅನ್ನುವುದು ಬೇಕಿತ್ತು.

ಆಮೇಲೆ ನಾನು ಹೇಳುವುದು ಬದಲಾಯಿತು. ಇಷ್ಟು ಗೊತ್ತಿದೆ. ಇಷ್ಟು ಗೊತ್ತಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಮತ್ತೆ ಹೇಳುತ್ತೇನೆ. ಶುಕ್ರವಾರವೂ ಏನೂ ಗೊತ್ತಾಗದಿದ್ದರೆ, ಗೊತ್ತಾಗಿಲ್ಲ ಅಂತ ಹೇಳಲಿಕ್ಕಾದರೂ ನಾಲ್ಕಕ್ಕೆ ಬಂದು ನಿಲ್ಲಬೇಕು. ಒಂದು ಶುಕ್ರವಾರ ತಪ್ಪಿಸಿದಿರಿ ಅಂದರೆ ಶನಿವಾರದ ಹೊತ್ತಿಗೆ ಕಂಪನಿ ಪುಣೆಗೆ ಹೋಗಿರುತ್ತದೆ.

ಮೈಗೂ ಸ್ವಲ್ಪ

ಉಪದೇಶ ಜಾಸ್ತಿ ಮಾಡುವುದಿಲ್ಲ. ಶಿಫ್ಟ್ ಬದಲಾಗುವವರಿಗೆ ಬೇಗ ಮಲಗಿ ಅಂದರೆ ನಗುತ್ತಾರೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕುಡಿತ ಹೆಚ್ಚಾಗಿದೆ, ಬೆಳಿಗ್ಗೆ ಗೇಟ್ ಕಂಡರೆ ಎದೆ ಬಡಿದುಕೊಳ್ಳುತ್ತದೆ ಅಂದರೆ ಅದನ್ನು ‘ಟೆನ್ಶನ್’ ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಂಬಳ ತಿಂಗಳಿಗೆ 21,000ದೊಳಗೆ ಇದ್ದು ಇಎಸ್‌ಐ (ನೌಕರರ ವಿಮೆ) ಕಡಿತ ಆಗುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಲು ಆ ಕಾರ್ಡೂ ಇದೆ.

ಬಿಡಬೇಕೋ ಇರಬೇಕೋ

ಬಹಳ ಜನ ಕೇಳುವುದು ಇದನ್ನೇ. ನೋಟ್‌ಬುಕ್ಕಿಗೇ ವಾಪಸ್ ಹೋಗಿ. ಮೂರು ತಿಂಗಳ ಪುಟ ತಿರುವಿ ನೋಡಿ.

ಮಳೆ ಜಾಸ್ತಿ ಇದ್ದರೆ ಕಂಪನಿ ಬಿಟ್ಟು ಪ್ರಯೋಜನ ಇಲ್ಲ, ಪಕ್ಕದ ಕಂಪನಿಯ ಮೇಲೂ ಅದೇ ಮಳೆ ಸುರಿಯುತ್ತಿದೆ. ಇಲ್ಲೇ ಹತ್ತಿರದ ಮಚ್ಛೆಗೆ ಹೋದರೂ ಅಷ್ಟೇ, ಕೊಲ್ಹಾಪುರಕ್ಕೆ ಹೋದರೂ ಅಷ್ಟೇ. ಬಾಯಿ ಜಾಸ್ತಿ ಇದ್ದರೆ ಇನ್ನೂ ಕೇಳಿ ನೋಡಲು ಜಾಗ ಇದೆ. ಆದರೆ ಅದೇ ಬಾಕಿ ಪ್ರಶ್ನೆ ಮೂರು ತಿಂಗಳಿಂದ ಪುಟದಿಂದ ಪುಟಕ್ಕೆ ಬರೆಯುತ್ತಾ ಬಂದಿದ್ದೀರಿ, ನಾಲ್ಕು ಸಲ ಬರವಣಿಗೆಯಲ್ಲಿ ಕೇಳಿದ್ದೀರಿ, ಗಡುವು ಕೊಟ್ಟಿದ್ದೀರಿ, ಆದರೂ ಯಾರೂ ತೀರ್ಮಾನ ಮಾಡುತ್ತಿಲ್ಲ ಅಂದರೆ ಅಲ್ಲಿ ಕೊರತೆ ಇರುವುದು ಆರ್ಡರಿನದಲ್ಲ. ನಾನು ಹಿಂದಿನ ಕಂಪನಿ ಬಿಟ್ಟದ್ದು ಆ 140 ಪೀಸಿನಿಂದ ಅಲ್ಲ. ಡ್ರಾಯಿಂಗ್ ಬಂದರೆ ಪ್ಲಾನಿಂಗಿಗೆ ಯಾರು ತಿಳಿಸಬೇಕು ಅಂತ ಅದಾದ ಮೇಲೂ ಏಳು ತಿಂಗಳು ತೀರ್ಮಾನ ಆಗಲಿಲ್ಲ, ಅದರಿಂದ.

ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಸಂಬಳದ ಜೊತೆ ಎರಡು ಪ್ರಶ್ನೆ ಕೇಳಿ. ಹೋದ ವರ್ಷ ಎಷ್ಟು ದಿನ ಶಿಫ್ಟ್ ನಿಂತಿತ್ತು? ನಿಂತಾಗ ಹುಡುಗರಿಗೆ ಯಾರು, ಯಾವಾಗ ಹೇಳಿದರು? ನಾನು ಕೇಳಿದಾಗ ಈಗಿನ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡ್ರಾಯರ್ ತೆಗೆದು, ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಹಳೇ ಕಾಗದವನ್ನೇ ತೋರಿಸಿದರು. ಅಕ್ಷರ ತಪ್ಪು ಬಹಳ ಇದ್ದವು, ತಾರೀಖು ಸರಿ ಇತ್ತು. ಸೋಮವಾರ ಬಂದು ಸೇರಿಕೊಂಡೆ.